ಟಾಂಜಾನಿಯಾದ ಹಳ್ಳಿ ಶಾಲೆಗೆ ಸ್ವಯಂಸೇವಕ ಶಿಕ್ಷಕಿಯಾಗಿ ಹೊರಟಿದ್ದೇನೆ: ಮೊದಲ ತಿಂಗಳುಗಳಿಗೆ ಹೇಗೆ ಸಿದ್ಧಳಾಗಲಿ?

ಬೆಟಗೇರಿಯ ಗಣಿತ ಶಿಕ್ಷಕಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಗದಗ-ಬೆಟಗೇರಿಯವಳು. ಐದು ವರ್ಷಗಳಿಂದ ಕನ್ನಡ ಮಾಧ್ಯಮದ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸುತ್ತಿದ್ದೇನೆ. ಒಂದು ವರ್ಷದ ರಜೆ ಪಡೆದು, ಬರುವ ಜನವರಿಯಲ್ಲಿ ಟಾಂಜಾನಿಯಾದ ಡೊಡೊಮಾ ಪ್ರಾಂತ್ಯದ ಒಂದು ಹಳ್ಳಿಯ ಮಾಧ್ಯಮಿಕ ಶಾಲೆಗೆ ಸ್ವಯಂಸೇವಕ ಶಿಕ್ಷಕಿಯಾಗಿ ಹೋಗುವುದು ನಿಶ್ಚಯವಾಗಿದೆ. ಸಂಬಳವಿಲ್ಲ. ಇರಲು ಶಾಲೆಯ ಆವರಣದಲ್ಲಿ ಎರಡು ಕೋಣೆಯ ಮನೆ ಮತ್ತು ಊಟಕ್ಕಾಗುವಷ್ಟು ಭತ್ಯೆ ಕೊಡುತ್ತಾರೆ.

ಈ ನಿರ್ಧಾರವನ್ನು ನಾನು ಆತುರದಲ್ಲಿ ಮಾಡಲಿಲ್ಲ. ಆದರೆ ಹೊರಡುವ ದಿನ ಹತ್ತಿರವಾದಂತೆ, ಹಗಲು ಹೊತ್ತು ಚಿಕ್ಕವೆನಿಸುವ ಸಂಗತಿಗಳು ರಾತ್ರಿ ದೊಡ್ಡವಾಗಿ ಕಾಣುತ್ತಿವೆ. ನನಗೆ ಸ್ವಾಹಿಲಿ ಭಾಷೆಯ ಒಂದು ಅಕ್ಷರವೂ ಬಾರದು. ಪಾಠವನ್ನು ಇಂಗ್ಲಿಷಿನಲ್ಲಿ ಮಾಡಬೇಕಂತೆ, ಆದರೆ ಮಕ್ಕಳು ಏಳನೆಯ ತರಗತಿಯವರೆಗೆ ಸ್ವಾಹಿಲಿಯಲ್ಲೇ ಓದಿ ಬಂದಿರುತ್ತಾರಂತೆ. ಹಾಗಾದರೆ ಅವರಿಗೂ ನನಗೂ ನಡುವೆ ಇರುವ ಭಾಷೆ ಯಾವುದು? ನಾನು ಶುದ್ಧ ಸಸ್ಯಾಹಾರಿ. ಜೋಳದ ರೊಟ್ಟಿ ಇಲ್ಲದೆ ಎರಡು ದಿನ ಕಳೆದರೆ ಊಟವೇ ಆಗಿಲ್ಲವೆನಿಸುವ ಮನೆಯಲ್ಲಿ ಬೆಳೆದವಳು. ನನ್ನ ತಾಯಿಯವರಿಗೆ ಮಲೇರಿಯಾದ ಭಯ, ನನಗೆ ಒಂಟಿತನದ ಭಯ. ಅವೆಲ್ಲಕ್ಕಿಂತ ಹೆಚ್ಚಾಗಿ, ಅಲ್ಲಿ ನಾನು ನಿಜವಾಗಿಯೂ ಯಾರಿಗಾದರೂ ಉಪಯೋಗವಾಗುವೆನೇ ಎಂಬ ಸಂಶಯ ಬಿಡುತ್ತಿಲ್ಲ.

ನಮ್ಮ ಭಾಗದಿಂದ ಹೀಗೆ ಹೋಗಿ ಕಲಿಸಿ ಬಂದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ. ನೆಲೆಯೂರಲು ಎಷ್ಟು ಕಾಲ ಬೇಕಾಯಿತು? ಹೊರಡುವ ಮೊದಲು ಏನನ್ನು ಕಲಿತಿದ್ದರೆ ಒಳ್ಳೆಯದಿತ್ತು ಎಂದು ಈಗ ಅನಿಸುತ್ತದೆ?

ಮಾಳಮಡ್ಡಿಯ ನಿವೃತ್ತ ಶಿಕ್ಷಕ

ನಾನು ಧಾರವಾಡದಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತನಾದ ಮೇಲೆ ಡೊಡೊಮಾದ ಪಕ್ಕದ ಸಿಂಗಿಡಾ ಪ್ರಾಂತ್ಯದ ಶಾಲೆಯೊಂದರಲ್ಲಿ ಎರಡು ವರ್ಷ ಇದ್ದೆ. ಆದ್ದರಿಂದ ನಿಮ್ಮ ಪ್ರಶ್ನೆಗೆ ಸ್ವಲ್ಪ ದೀರ್ಘವಾಗಿಯೇ ಉತ್ತರಿಸುತ್ತೇನೆ.

ಮೊದಲು ಭಾಷೆಯ ವಿಷಯ. ಸ್ವಾಹಿಲಿಯ ಒಂದು ಅಕ್ಷರವೂ ಬಾರದು ಎಂದು ಬರೆದಿದ್ದೀರಿ. ಅದು ಸರಿಯಲ್ಲ, ನಿಮಗೆ ಆಗಲೇ ಹಲವು ಪದಗಳು ಬರುತ್ತವೆ. ನಮ್ಮ ಕಡೆ ಆಸ್ಪತ್ರೆಗೆ ದವಾಖಾನೆ ಎನ್ನುತ್ತೇವೆ. ಅಲ್ಲಿ ಔಷಧಕ್ಕೆ ‘ದಾವಾ’. ನಾವು ಖಬರು ಎನ್ನುವುದು ಅಲ್ಲಿ ‘ಹಬಾರಿ’, ನಮ್ಮ ತಾರೀಖು ಅಲ್ಲಿ ‘ತಾರೆಹೆ’, ಸಾಬೂನು ‘ಸಾಬುನಿ’, ಹವಾ ‘ಹೆವಾ’, ದುಕಾನು ‘ದುಕಾ’, ಸರಕಾರ ‘ಸೆರಿಕಾಲಿ’. ನಿಮ್ಮ ವಿಷಯವಾದ ಗಣಿತಕ್ಕೆ ಅಲ್ಲಿ ‘ಹಿಸಾಬಾತಿ’ ಎನ್ನುತ್ತಾರೆ. ಹಿಸಾಬು ಎಂಬ ಮಾತು ನಿಮ್ಮ ಅಜ್ಜಿಗೂ ಗೊತ್ತಿದ್ದೀತು. ಅರಬ್ಬಿ ಮತ್ತು ಪಾರಸಿ ಮಾತುಗಳು ನಮಗೆ ವಿಜಾಪುರದ ಆದಿಲಶಾಹಿ ಮತ್ತು ಸವಣೂರಿನ ನವಾಬರ ಆಡಳಿತದ ದಾರಿಯಿಂದ ಬಂದವು, ಅವರಿಗೆ ಹಿಂದೂ ಮಹಾಸಾಗರದ ಹಡಗು ವ್ಯಾಪಾರದ ದಾರಿಯಿಂದ ಬಂದವು. ಲಕ್ಷಕ್ಕೆ ಅವರು ‘ಲಾಕಿ’ ಎಂದೇ ಹೇಳುತ್ತಾರೆ. ಹೀಗಾಗಿ ದೊಡ್ಡ ಸಂಖ್ಯೆಗಳನ್ನು ಕಲಿಸುವಾಗ ಇಂಗ್ಲೆಂಡಿನಿಂದಲೋ ಅಮೆರಿಕದಿಂದಲೋ ಬಂದ ಶಿಕ್ಷಕರಿಗಿಲ್ಲದ ಒಂದು ಅನುಕೂಲ ನಿಮಗಿದೆ. ಇನ್ನು ಉಚ್ಚಾರವಂತೂ ಕನ್ನಡಿಗರಿಗೆ ಕಷ್ಟವೇ ಅಲ್ಲ. ಬರೆದಂತೆ ಓದುವ ಭಾಷೆ ಅದು, ಪದಗಳೆಲ್ಲ ನಮ್ಮ ಪದಗಳಂತೆಯೇ ಸ್ವರದಲ್ಲಿ ಮುಗಿಯುತ್ತವೆ.

ಪದಗಳಿಗಿಂತ ಮುಖ್ಯವಾದದ್ದು ಕುಶಲ ಕೇಳುವ ಪದ್ಧತಿ. ನಾನು ಮೊದಲ ವಾರದಲ್ಲಿ ಮಾಡಿದ ತಪ್ಪನ್ನು ನೀವು ಮಾಡಬಾರದೆಂದು ಹೇಳುತ್ತೇನೆ. ಬೆಳಿಗ್ಗೆ ಶಿಕ್ಷಕರ ಕೋಣೆಗೆ ಹೋಗಿ, ಕಾಲ ಹರಣ ಮಾಡಬಾರದೆಂಬ ಒಳ್ಳೆಯ ಉದ್ದೇಶದಿಂದಲೇ, ‘ಪ್ರಯೋಗಾಲಯದ ಬೀಗದಕೈ ಎಲ್ಲಿದೆ?’ ಎಂದು ನೇರವಾಗಿ ಕೇಳಿದೆ. ಉತ್ತರ ಸಿಕ್ಕಿತು, ಆದರೆ ಮುಖಗಳು ಗಂಭೀರವಾದವು. ನಾನು ಸಿಟ್ಟಿನ ಮನುಷ್ಯನೆಂದು ಅವರೆಲ್ಲ ಭಾವಿಸಿದ್ದರೆಂಬುದು ತಿಂಗಳ ಮೇಲೆ ತಿಳಿಯಿತು. ಅಲ್ಲಿ ಮೊದಲು ಬೆಳಗಿನ ಹಬಾರಿ ಕೇಳಬೇಕು, ಆಮೇಲೆ ಮನೆಯ ಹಬಾರಿ, ಮಕ್ಕಳ ಹಬಾರಿ, ಕೆಲಸದ ಹಬಾರಿ. ಎಲ್ಲಕ್ಕೂ ‘ಒಳ್ಳೆಯದು’ ಎಂಬ ಉತ್ತರ ಬಂದ ಮೇಲೆ ಬೀಗದಕೈ. ‘ಆರಾಮ ಅದೀರಿ? ಮನಿಯಾಗ ಎಲ್ಲಾರೂ ಆರಾಮ?’ ಎಂದು ಕೇಳದೆ ಯಾರೊಡನೆಯೂ ಮಾತು ತೆಗೆಯದ ಊರಿನಿಂದ ಹೋದ ನನಗೆ ಇದು ಹೊಳೆಯದೇ ಹೋಯಿತಲ್ಲ ಎಂದು ಇಂದಿಗೂ ಬೇಸರವಾಗುತ್ತದೆ. ಪರದೇಶಕ್ಕೆ ಹೋದವನು ಚುರುಕಾಗಿ, ಕೆಲಸದ ಮಾತನ್ನಷ್ಟೇ ಆಡಬೇಕೆಂದು ನಾನೇ ಕಲ್ಪಿಸಿಕೊಂಡಿದ್ದೆ.

ನಿಮಗಿಂತ ಹಿರಿಯರಾದವರಿಗೆ, ಅವರು ಶಾಲೆಯ ಅಡುಗೆಯವರಿರಲಿ ಮುಖ್ಯೋಪಾಧ್ಯಾಯರಿರಲಿ, ‘ಶಿಕಾಮೂ’ ಎನ್ನಬೇಕು. ‘ಪಾದ ಹಿಡಿಯುತ್ತೇನೆ’ ಎಂಬುದು ಅದರ ಮೂಲಾರ್ಥವೆಂದು ಅಲ್ಲಿನವರು ಹೇಳುತ್ತಾರೆ. ಹಿರಿಯರು ‘ಮರಹಬಾ’ ಎಂದು ಉತ್ತರಿಸುತ್ತಾರೆ. ಮಕ್ಕಳು ನಿಮಗೆ ‘ಶಿಕಾಮೂ ಮ್ವಾಲಿಮು’ ಎಂದಾಗ ನೀವೂ ಮರಹಬಾ ಎನ್ನಬೇಕು. ಮರಳಿ ಶಿಕಾಮೂ ಎಂದರೆ ಅವರು ಗಲಿಬಿಲಿಗೊಳ್ಳುತ್ತಾರೆ. ‘ಮ್ವಾಲಿಮು’ ಎಂದರೆ ಶಿಕ್ಷಕ. ಆ ದೇಶದ ಮೊದಲ ಅಧ್ಯಕ್ಷರಾದ ಜೂಲಿಯಸ್ ನ್ಯೆರೆರೆ ಅವರು ಮೊದಲು ಶಾಲಾ ಶಿಕ್ಷಕರಾಗಿದ್ದವರು, ಜನ ಇಂದಿಗೂ ಅವರನ್ನು ಮ್ವಾಲಿಮು ಎಂದೇ ಕರೆಯುತ್ತಾರೆ. ಆ ಪದಕ್ಕೆ ಅಲ್ಲಿರುವ ತೂಕವನ್ನು ನೀವು ಮೊದಲ ದಿನವೇ ಅನುಭವಿಸುತ್ತೀರಿ.

‘ಪೋಲೆ’ ಎಂಬ ಇನ್ನೊಂದು ಮಾತಿದೆ. ನಾನು ಎಡವಿದರೆ ದಾರಿಹೋಕರು ಪೋಲೆ ಎನ್ನುತ್ತಿದ್ದರು, ನೀರಿನ ಕೊಡ ಹೊತ್ತು ಬಂದರೆ ಪೋಲೆ ಎನ್ನುತ್ತಿದ್ದರು, ಊರಿನಲ್ಲಿ ನನ್ನ ಅಣ್ಣ ತೀರಿಕೊಂಡ ಸುದ್ದಿ ಬಂದಾಗ ಶಾಲೆಯ ಪ್ರತಿಯೊಬ್ಬರೂ ಮನೆಗೆ ಬಂದು ಪೋಲೆ ಎಂದು ಹೇಳಿ ಸುಮ್ಮನೆ ಕುಳಿತರು. ಅದು ಕ್ಷಮಾಪಣೆಯಲ್ಲ, ‘ನಿನ್ನ ಕಷ್ಟ ನನಗೆ ಕಂಡಿತು’ ಎಂದು ತಿಳಿಸುವ ಮಾತು. ಒಂಟಿತನದ ಬಗ್ಗೆ ಕೇಳಿದ್ದೀರಿ. ಆ ದಿನ ಒಂಟಿತನ ನನ್ನನ್ನು ಬಿಟ್ಟಿತು, ಅದು ನಾನು ಹೋದ ಐದನೆಯ ತಿಂಗಳು.

ಸಮಯದ ಲೆಕ್ಕವನ್ನು ಮಾತ್ರ ಹೊರಡುವ ಮೊದಲೇ ಕಲಿತುಕೊಳ್ಳಿ. ಸ್ವಾಹಿಲಿಯಲ್ಲಿ ತಾಸುಗಳನ್ನು ಸೂರ್ಯೋದಯದಿಂದ ಎಣಿಸುತ್ತಾರೆ. ಬೆಳಗಿನ ಏಳು ಗಂಟೆ ಎಂದರೆ ‘ಸಾ ಮೋಜಾ’, ಅಂದರೆ ಒಂದನೆಯ ತಾಸು. ಮಧ್ಯಾಹ್ನದ ಎರಡು ಗಂಟೆ ‘ಸಾ ನಾನೆ’, ಅಂದರೆ ಎಂಟನೆಯ ತಾಸು. ಗಡಿಯಾರದಲ್ಲಿ ಸಣ್ಣ ಮುಳ್ಳು ತೋರಿಸುವ ಅಂಕಿಗೆ ನೇರ ಎದುರಿನ ಅಂಕಿಯನ್ನು ಓದಿದರೆ ಸಾಕು. ಪಾಲಕರ ಸಭೆ ‘ಎಂಟಕ್ಕೆ’ ಎಂದು ಕೇಳಿಸಿಕೊಂಡು ನಾನು ಬೆಳಿಗ್ಗೆ ಎಂಟಕ್ಕೇ ಹೋಗಿ ಖಾಲಿ ಬೆಂಚುಗಳ ನಡುವೆ ಮಧ್ಯಾಹ್ನದವರೆಗೆ ಕಾದಿದ್ದೇನೆ. ಇದನ್ನು ವಿಚಿತ್ರವೆಂದು ತಿಳಿಯಬೇಕಾಗಿಲ್ಲ. ಅರವತ್ತು ಗಳಿಗೆಯ ದಿನವನ್ನು ಸೂರ್ಯೋದಯದಿಂದ ಎಣಿಸುವ ನಮ್ಮ ಪಂಚಾಂಗವೂ ಮಾಡುವುದು ಅದನ್ನೇ.

ಊಟದ ವಿಷಯದಲ್ಲಿ ನಿಮ್ಮಷ್ಟು ಅದೃಷ್ಟವಂತರು ಕಡಿಮೆ. ಡೊಡೊಮಾ, ಸಿಂಗಿಡಾಗಳು ಟಾಂಜಾನಿಯಾದ ಮಳೆ ಕಡಿಮೆಯಿರುವ ಸೀಮೆ. ಡಿಸೆಂಬರಿನಿಂದ ಏಪ್ರಿಲ್ ವರೆಗೆ ಮಳೆ, ಆಮೇಲೆ ನಮ್ಮ ಮುಂಡರಗಿಯ ಬೇಸಿಗೆಯಂತೆ ಒಣ ಗಾಳಿ ಮತ್ತು ಧೂಳು. ಮಳೆ ಕಡಿಮೆಯಾದ್ದರಿಂದಲೇ ಅಲ್ಲಿ ಜೋಳ ಬೆಳೆಯುತ್ತಾರೆ. ಅದಕ್ಕೆ ‘ಮ್ತಾಮಾ’ ಎನ್ನುತ್ತಾರೆ, ಹಿಟ್ಟಿಗೆ ‘ಉಂಗಾ’. ಸಂತೆಯಲ್ಲಿ ‘ಉಂಗಾ ವಾ ಮ್ತಾಮಾ’ ಕೇಳಿ. ಗೋವಿನಜೋಳದ ಹಿಟ್ಟಿನ ಉಗಾಲಿ ಅವರ ನಿತ್ಯದ ಊಟ. ಅದು ನಮ್ಮ ಮುದ್ದೆಯಂತೆಯೇ ಇರುತ್ತದೆ, ಜೊತೆಗೆ ಬೇಯಿಸಿದ ಅವರೆಯಂಥ ಕಾಳು ಅಥವಾ ‘ಮ್ಚಿಚಾ’ ಎಂಬ ಸೊಪ್ಪು, ಅಂದರೆ ನಮ್ಮ ರಾಜಗಿರಿ ಪಲ್ಲೆ. ತೊಗರಿ ಅಲ್ಲಿ ‘ಮ್ಬಾಜಿ’, ಶೇಂಗಾ ‘ಕರಂಗಾ’. ಇಷ್ಟಿದ್ದ ಮೇಲೆ ಶೇಂಗಾ ಚಟ್ನಿಪುಡಿಯನ್ನು ನೀವು ಅಲ್ಲಿಯೇ ಕುಟ್ಟಿಕೊಳ್ಳಬಹುದು. ಬ್ಯಾಡಗಿ ಮೆಣಸಿನಕಾಯಿಯ ಪುಡಿಯೊಂದನ್ನು ಚೆನ್ನಾಗಿ ಪೊಟ್ಟಣ ಕಟ್ಟಿಸಿ ಒಯ್ಯಿರಿ. ಮಾಂಸ ತಿನ್ನುವುದಿಲ್ಲವೆಂದು ಮೊದಲೇ ವಿನಯದಿಂದ ಹೇಳಿಬಿಟ್ಟರೆ ಯಾರೂ ಬೇಸರಿಸುವುದಿಲ್ಲ. ಊಟ ಮಾಡುವ ಹೊತ್ತಿನಲ್ಲಿ ಎದುರು ಬಂದವರನ್ನು ‘ಕರಿಬು’ ಎಂದು ಕರೆಯದೆ ತುತ್ತೆತ್ತುವುದು ಮಾತ್ರ ಅಲ್ಲಿ ಒರಟುತನ.

ಸಣ್ಣ ಸಂಗತಿಗಳನ್ನು ಬೇಗ ಹೇಳಿ ಮುಗಿಸುತ್ತೇನೆ. 2019ರ ಜೂನ್ 1ರಿಂದ ಆ ದೇಶದಲ್ಲಿ ಪ್ಲಾಸ್ಟಿಕ್ ಕೈಚೀಲಗಳಿಗೆ ನಿಷೇಧವಿದೆ. ಸಾಮಾನನ್ನು ಬಟ್ಟೆಯ ಚೀಲಗಳಲ್ಲಿ ಕಟ್ಟಿಕೊಳ್ಳಿ. ಗೋಡೆಯ ಪ್ಲಗ್ಗುಗಳು ಹೆಚ್ಚಾಗಿ ಬ್ರಿಟಿಷ್ ಮಾದರಿಯ ಚೌಕ ಪಿನ್ನಿನವು, ಒಂದು ಅಡಾಪ್ಟರ್ ಬೇಕು. ಜೂನ್-ಜುಲೈ ರಾತ್ರಿಗಳು ಧಾರವಾಡದ ಡಿಸೆಂಬರಿನಷ್ಟು ತಣ್ಣಗಿರುತ್ತವೆ. ಆಫ್ರಿಕಾ ಎಂದರೆ ಬಿಸಿಲು ಮಾತ್ರ ಎಂದುಕೊಂಡು ಸ್ವೆಟರ್ ಬಿಟ್ಟು ಹೋದ ನಾನು ಅಲ್ಲಿ ಹಳೆಯ ಬಟ್ಟೆಯ ರಾಶಿಯಿಂದ ಒಂದನ್ನು ಕೊಂಡೆ. ಆಟೋರಿಕ್ಷಾಕ್ಕೆ ಅಲ್ಲಿ ‘ಬಜಾಜಿ’ ಎನ್ನುತ್ತಾರೆ, ಆ ಹೆಸರು ಹೇಗೆ ಬಂತೆಂದು ನಿಮಗೆ ಹೇಳಬೇಕಾಗಿಲ್ಲ. ಭಾರತದ ಗಡಿಯಾರ ಅಲ್ಲಿಗಿಂತ ಎರಡೂವರೆ ತಾಸು ಮುಂದಿದೆ, ಆದ್ದರಿಂದ ತಾಯಿಯವರಿಗೆ ಕರೆ ಮಾಡುವುದನ್ನು ಅಲ್ಲಿಯ ಸಂಜೆ ಆರರ ಆಸುಪಾಸಿಗೆ ಗೊತ್ತುಮಾಡಿಕೊಳ್ಳಿ.

ಕೊನೆಯದಾಗಿ, ಕಾಗದಪತ್ರ. ಸ್ವಯಂಸೇವಕರಾಗಿ ಕಲಿಸಲು ಟಾಂಜಾನಿಯಾದಲ್ಲಿ ‘ಸಿ’ ವರ್ಗದ ನಿವಾಸ ಪರವಾನಗಿ ಬೇಕು. ನನ್ನನ್ನು ಕಳುಹಿಸಿದ ಸಂಸ್ಥೆಯವರು, ‘ಪ್ರವಾಸಿ ವೀಸಾದಲ್ಲಿ ಬನ್ನಿ, ಆಮೇಲೆ ನೋಡೋಣ’ ಎಂದಿದ್ದರು. ನಾನು ನಂಬಿದೆ. ವಲಸೆ ಅಧಿಕಾರಿಗಳು ಶಾಲೆಗೆ ಬಂದ ದಿನ ಮುಖ್ಯೋಪಾಧ್ಯಾಯರು ನನ್ನಿಂದಾಗಿ ತಲೆತಗ್ಗಿಸಬೇಕಾಯಿತು. ಪರವಾನಗಿಯ ಅರ್ಜಿ ಯಾವ ಹಂತದಲ್ಲಿದೆ ಎಂಬುದನ್ನು ಬರಹದಲ್ಲಿ ಕೇಳಿ ಪಡೆಯದೆ ಟಿಕೆಟ್ ಕೊಳ್ಳಬೇಡಿ.

ವಿದ್ಯಾನಗರ, ಹುಬ್ಬಳ್ಳಿ (ವೈದ್ಯೆ)

ತಾಯಿಯವರ ಭಯದ ಬಗ್ಗೆ ಎರಡು ಮಾತು. ಮಲೇರಿಯಾದ ಭಯ ಸಕಾರಣವಾದದ್ದು. ಅಲ್ಲಿ ಹೆಚ್ಚಾಗಿರುವುದು ಫಾಲ್ಸಿಪಾರಮ್ ಜಾತಿಯ ಮಲೇರಿಯಾ, ಅದು ಚಿಕಿತ್ಸೆ ತಡವಾದರೆ ಮೆದುಳಿಗೂ ಮೂತ್ರಪಿಂಡಕ್ಕೂ ಅಪಾಯ ತರುತ್ತದೆ. ತಡೆಗಟ್ಟುವ ಮಾತ್ರೆಗಳಿವೆ. ಯಾವ ಮಾತ್ರೆ, ಎಷ್ಟು ಕಾಲ ಎಂಬುದನ್ನು ನಿಮ್ಮ ದೇಹಸ್ಥಿತಿ ನೋಡಿ ವೈದ್ಯರೇ ನಿರ್ಧರಿಸಬೇಕು, ಏಕೆಂದರೆ ಒಂದು ವರ್ಷದ ವಾಸ ಹದಿನೈದು ದಿನಗಳ ಪ್ರವಾಸದಂತಲ್ಲ. ಉದಾಹರಣೆಗೆ ಡಾಕ್ಸಿಸೈಕ್ಲಿನ್ ತೆಗೆದುಕೊಳ್ಳುವವರ ಚರ್ಮ ಬಿಸಿಲಿಗೆ ಬೇಗ ಕೆಂಪಾಗುತ್ತದೆ, ಮತ್ತು ಆ ಪ್ರದೇಶ ಬಿಟ್ಟ ಮೇಲೂ ನಾಲ್ಕು ವಾರ ಅದನ್ನು ಮುಂದುವರಿಸಬೇಕು. ಮಾತ್ರೆ ತೆಗೆದುಕೊಂಡರೂ ಔಷಧ ಲೇಪಿತ ಸೊಳ್ಳೆಪರದೆಯೊಳಗೇ ಮಲಗಬೇಕು. ಜ್ವರ ಬಂದ ದಿನವೇ ರಕ್ತಪರೀಕ್ಷೆ ಮಾಡಿಸಬೇಕು. ಊರಿಗೆ ಮರಳಿ ತಿಂಗಳುಗಳಾದ ಮೇಲೆ ಜ್ವರ ಬಂದರೂ ಆಫ್ರಿಕಾದಲ್ಲಿದ್ದ ಸಂಗತಿಯನ್ನು ವೈದ್ಯರಿಗೆ ಹೇಳಲೇಬೇಕು.

ಹಳದಿ ಜ್ವರದ ಲಸಿಕೆಯನ್ನು ಪ್ರಯಾಣಕ್ಕೆ ಕನಿಷ್ಠ 10 ದಿನ ಮೊದಲು ಹಾಕಿಸಿಕೊಳ್ಳಿ. ನಮ್ಮ ಕಡೆಯವರ ವಿಮಾನಗಳು ಅನೇಕ ಸಲ ನೈರೋಬಿ ಅಥವಾ ಆಡಿಸ್ ಅಬಾಬಾ ಮಾರ್ಗವಾಗಿ ಹೋಗುತ್ತವೆ. ಅಲ್ಲಿ 12 ತಾಸಿಗಿಂತ ಹೆಚ್ಚು ತಂಗಿದರೆ ಟಾಂಜಾನಿಯಾ ಪ್ರವೇಶಿಸುವಾಗ ಪ್ರಮಾಣಪತ್ರ ಕೇಳುತ್ತಾರೆ. ರಜೆಯಲ್ಲಿ ಕೀನ್ಯಾ ನೋಡಿಕೊಂಡು ಭಾರತಕ್ಕೆ ಮರಳುವವರಿಗೂ ಅದು ಬೇಕಾಗುತ್ತದೆ. 2016ರಿಂದ ಆ ಪ್ರಮಾಣಪತ್ರಕ್ಕೆ ಜೀವಮಾನದ ಮಾನ್ಯತೆ ಇದೆ. ಲಸಿಕೆಯನ್ನು ಸರಕಾರ ಗೊತ್ತುಪಡಿಸಿದ ಕೇಂದ್ರಗಳಲ್ಲಿ ಮಾತ್ರ ಹಾಕುತ್ತಾರೆ, ಆದ್ದರಿಂದ ಬೇಗನೆ ದಿನ ಗೊತ್ತುಮಾಡಿಕೊಳ್ಳಿ. ಮೊಟ್ಟೆಯ ಅಲರ್ಜಿ ಇದ್ದರೆ ಮೊದಲೇ ತಿಳಿಸಿ.

ನಮ್ಮವರಿಗೆ ತಿಳಿಯದ ಒಂದು ಅಪಾಯವನ್ನೂ ಹೇಳಬೇಕು. ಅಲ್ಲಿಯ ಕೆರೆ, ಸರೋವರಗಳ ನಿಂತ ಸಿಹಿನೀರಿನಲ್ಲಿ ಬಿಲ್ಹಾರ್ಜಿಯಾ ಎಂಬ ರೋಗದ ಸೂಕ್ಷ್ಮ ಹುಳುಗಳಿರಬಹುದು. ಅವು ನೀರಿನ ಬಸವನಹುಳುಗಳಿಂದ ಹೊರಬಂದು ಮನುಷ್ಯರ ಚರ್ಮವನ್ನು ತೂರಿ ಒಳಸೇರುತ್ತವೆ. ಕೆರೆಯಲ್ಲಿ ಈಜಿ, ಕಾಲುವೆಯಲ್ಲಿ ಬಟ್ಟೆ ಒಗೆದು ಬೆಳೆದ ನಮಗೆ ನಿಂತ ನೀರಿಗೆ ಕಾಲಿಡುವುದು ತಪ್ಪೆಂದು ತೋರುವುದೇ ಇಲ್ಲ. ಅಲ್ಲಿ ದಯವಿಟ್ಟು ಇಡಬೇಡಿ.

ಸವಣೂರಿನ ಓದುಗ

ನಿಮ್ಮ ಉತ್ಸಾಹಕ್ಕೆ ಅಡ್ಡಿ ಮಾಡುವ ಉದ್ದೇಶ ನನಗಿಲ್ಲ. ಆದರೂ ಕೇಳದೆ ಇರಲಾರೆ. ಹಾವೇರಿ ಮತ್ತು ಗದಗ ಜಿಲ್ಲೆಗಳ ಹಳ್ಳಿಗಳಲ್ಲಿ ಗಣಿತಕ್ಕೆ ಕಾಯಂ ಶಿಕ್ಷಕರಿಲ್ಲದೆ ಮಕ್ಕಳು ಅತಿಥಿ ಶಿಕ್ಷಕರನ್ನು ನಂಬಿ ಓದುತ್ತಿರುವಾಗ, ಐದು ವರ್ಷದ ಅನುಭವವಿರುವ ಶಿಕ್ಷಕಿಯೊಬ್ಬರು ಸಮುದ್ರ ದಾಟಿ ಹೋಗಬೇಕೇ? ನಮ್ಮ ಊರಿನ ಶಾಲೆಯಲ್ಲಿ ನನ್ನ ಮಗಳ ತರಗತಿಗೆ ಈ ವರ್ಷ ಗಣಿತ ಆರಂಭವಾದದ್ದೇ ಆಗಸ್ಟಿನಲ್ಲಿ. ಒಂದು ವರ್ಷ ಅಲ್ಲಿ ಕಲಿಸಿ ನೀವು ಮರಳಿದ ಮೇಲೆ ಆ ಮಕ್ಕಳ ಗತಿ ಏನು, ಮತ್ತು ಆ ವರ್ಷದಲ್ಲಿ ನಿಮ್ಮ ಬೆಟಗೇರಿಯ ಮಕ್ಕಳ ಗತಿ ಏನು? ಇದಕ್ಕೆ ನಿಮ್ಮಲ್ಲಿ ಉತ್ತರವಿರಬಹುದು, ಅದನ್ನು ಕೇಳಲು ನನಗೆ ನಿಜವಾಗಿಯೂ ಇಷ್ಟವಿದೆ.

ಹೋಗುವುದೇ ಖಚಿತವಾದರೆ, ಹೊರಡುವ ಮುನ್ನ ಒಮ್ಮೆ ಸವಣೂರಿಗೆ ಬಂದು ದೊಡ್ಡಹುಣಸೆ ಮಠದ ಆವರಣದ ಮರಗಳನ್ನು ನೋಡಿ. ನಾವು ದೊಡ್ಡಹುಣಸೆ ಎನ್ನುವ ಆ ಮರ ಆಫ್ರಿಕಾದ ಬಾವೊಬಾಬ್. ನೀವು ಹೋಗುವ ಸೀಮೆಯಲ್ಲಿ ಅದು ಹೊಲಗಳ ನಡುವೆ ತಾನಾಗಿ ಬೆಳೆದು ನಿಂತಿರುತ್ತದೆ.

ಬೆಟಗೇರಿಯ ಗಣಿತ ಶಿಕ್ಷಕಿ

ಹಿರಿಯರಿಗೂ ವೈದ್ಯರಿಗೂ ಹೃತ್ಪೂರ್ವಕ ವಂದನೆಗಳು. ‘ದಾವಾ’ ಮತ್ತು ‘ಹಬಾರಿ’ಗಳನ್ನು ಓದಿ ಹೇಳಿದಾಗ ನನ್ನ ತಾಯಿಯವರ ಮುಖದಲ್ಲಿ ಮೊದಲ ಸಲ ಸ್ವಲ್ಪ ಸಮಾಧಾನ ಕಂಡೆ.

ಸವಣೂರಿನವರ ಪ್ರಶ್ನೆ ನನ್ನನ್ನೂ ಕಾಡಿದೆ, ಆದ್ದರಿಂದ ನನಗೆ ನೋವಾಗಿಲ್ಲ. ನನ್ನ ತರಗತಿಗಳನ್ನು ಈ ಒಂದು ವರ್ಷ ತೆಗೆದುಕೊಳ್ಳಲು ನಮ್ಮ ಶಾಲೆಯ ನಿವೃತ್ತ ಶಿಕ್ಷಕರೊಬ್ಬರು ಒಪ್ಪಿದ್ದಾರೆ. ಅವರು ಒಪ್ಪದೆ ನಾನು ಅರ್ಜಿಯನ್ನೇ ಹಾಕಿರಲಿಲ್ಲ. ಹೋಗುವ ಕಾರಣವನ್ನು ನೇರವಾಗಿ ಹೇಳುತ್ತೇನೆ. ಕನ್ನಡ ಮಾಧ್ಯಮದಲ್ಲಿ ತೊಂಬತ್ತು ಅಂಕ ಪಡೆದು ಪಿಯುಸಿ ವಿಜ್ಞಾನಕ್ಕೆ ಸೇರಿ, ಮೊದಲ ಆರು ತಿಂಗಳಲ್ಲಿ ಇಂಗ್ಲಿಷಿನ ಗೋಡೆಗೆ ಹಾಯ್ದು ಓದನ್ನೇ ಬಿಟ್ಟ ವಿದ್ಯಾರ್ಥಿಗಳನ್ನು ನಾನು ಪ್ರತಿ ವರ್ಷ ನೋಡುತ್ತೇನೆ. ಹೋದ ವರ್ಷ ಹೀಗೆ ಬಿಟ್ಟವಳು ನನ್ನ ಅತ್ಯುತ್ತಮ ವಿದ್ಯಾರ್ಥಿನಿ, ಅವಳೀಗ ಮಗ್ಗದ ಮನೆಯಲ್ಲಿ ಲಡಿ ಸುತ್ತುತ್ತಿದ್ದಾಳೆ. ಒಂದಿಡೀ ದೇಶದ ಮಕ್ಕಳು ಅದೇ ಗೋಡೆಯನ್ನು ಎಂಟನೆಯ ವರ್ಷದಲ್ಲಿ ದಾಟುತ್ತಾರೆಂದು ತಿಳಿದಾಗ, ಅಲ್ಲಿಯ ಶಿಕ್ಷಕರು ಅದನ್ನು ಹೇಗೆ ದಾಟಿಸುತ್ತಾರೆಂದು ಪಕ್ಕದಲ್ಲಿ ಕುಳಿತು ನೋಡಬೇಕೆನಿಸಿತು. ಕಲಿಸುವುದಕ್ಕಿಂತ ಕಲಿತು ಬರುವುದೇ ನನ್ನ ದೊಡ್ಡ ಆಸೆ. ಅದನ್ನು ಸೇವೆ ಎಂದು ಕರೆಯಬಹುದೇ ಎಂಬುದು ನನಗೆ ತಿಳಿಯದು.

ಹಿರಿಯರಲ್ಲಿ ಇನ್ನೊಂದು ಪ್ರಶ್ನೆ. ಆ ಗೋಡೆಯನ್ನು ನಿಮ್ಮ ತರಗತಿಯಲ್ಲಿ ನೀವು ಹೇಗೆ ದಾಟಿಸಿದಿರಿ? ಮತ್ತು ರೊಟ್ಟಿಯ ಹಂಚನ್ನು ಇಲ್ಲಿಂದ ಒಯ್ಯಬೇಕೇ?

ರಾಣೆಬೆನ್ನೂರಿನ ಶಿಕ್ಷಕಿ

ನಾನು ಕಿಲಿಮಂಜಾರೋ ಪರ್ವತದ ಬುಡದ ಮೋಶಿ ಪಟ್ಟಣದ ಹತ್ತಿರ ಆರು ತಿಂಗಳು ಕಲಿಸಿದ್ದೇನೆ. ಯಾರೂ ಹೇಳದ ಒಂದು ಸಂಗತಿಯನ್ನು ಹೇಳಬೇಕಾಗಿದೆ, ಏಕೆಂದರೆ ಸಿದ್ಧತೆಯಿಲ್ಲದೆ ಅದನ್ನು ಎದುರಿಸಿದಾಗ ನಾನು ಕೆಟ್ಟದಾಗಿ ನಡೆದುಕೊಂಡೆ.

ನಮ್ಮಲ್ಲಿ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಮಿನ ಪ್ರಕಾರ ಮಕ್ಕಳಿಗೆ ದೈಹಿಕ ಶಿಕ್ಷೆ ಕೊಡುವಂತಿಲ್ಲ. ಟಾಂಜಾನಿಯಾದಲ್ಲಿ ಬೆತ್ತದ ಶಿಕ್ಷೆಗೆ ಕಾನೂನಿನ ಅವಕಾಶವಿದೆ. ಮುಖ್ಯೋಪಾಧ್ಯಾಯರು ಅಥವಾ ಅವರು ಅಧಿಕಾರ ಕೊಟ್ಟವರು ಮಾತ್ರ, ನಾಲ್ಕು ಏಟು ಮೀರದಂತೆ ಎಂಬ ನಿಯಮಗಳಿವೆ. ಎರಡನೆಯ ವಾರ, ತಡವಾಗಿ ಬಂದ ಮಕ್ಕಳು ಸಾಲಾಗಿ ನಿಂತದ್ದನ್ನು ಕಂಡು ನಾನು ಎಲ್ಲರ ಎದುರಿಗೆ ಸಹೋದ್ಯೋಗಿಯ ಕೈಯಿಂದ ಬೆತ್ತ ಕಸಿದುಕೊಂಡೆ. ಮಕ್ಕಳಿಗೆ ಅದರಿಂದ ಏನೂ ಒಳ್ಳೆಯದಾಗಲಿಲ್ಲ. ಆ ಶಿಕ್ಷಕರು ಮೂರು ತಿಂಗಳು ನನ್ನೊಡನೆ ಮಾತಾಡಲಿಲ್ಲ. ನಿನ್ನೆ ಬಂದವಳು, ನಾಳೆ ಹೋಗುವವಳು, ನಮ್ಮ ಶಾಲೆಯನ್ನು ತೂಗುತ್ತಿದ್ದಾಳೆ ಎಂದು ಉಳಿದವರಿಗೂ ಅನಿಸಿತು.

ಸುಮ್ಮನಿರಿ ಎಂದು ನಾನು ಹೇಳುತ್ತಿಲ್ಲ. ಹೋದ ಮೊದಲ ದಿನವೇ ಮುಖ್ಯೋಪಾಧ್ಯಾಯರ ಕೋಣೆಯಲ್ಲಿ ಕುಳಿತು, ‘ನಾನು ಯಾವ ಮಗುವನ್ನೂ ಹೊಡೆಯುವುದಿಲ್ಲ, ಶಿಕ್ಷೆಗಾಗಿ ಬೇರೆಯವರ ಬಳಿ ಕಳುಹಿಸುವುದೂ ಇಲ್ಲ, ನನ್ನ ತರಗತಿಯ ಶಿಸ್ತಿಗೆ ನಾನೇ ಹೊಣೆ’ ಎಂದು ಹೇಳಿ. ಆಮೇಲೆ ಅದನ್ನು ನಿಮ್ಮ ತರಗತಿಯಲ್ಲಿ ಮಾಡಿ ತೋರಿಸಿ. ಕೊನೆಯ ತಿಂಗಳಲ್ಲಿ ಕಿರಿಯ ಶಿಕ್ಷಕಿಯೊಬ್ಬರು ನನ್ನ ಬಳಿ ಬಂದು, ಹೊಡೆಯದೆ ಎಪ್ಪತ್ತು ಮಕ್ಕಳನ್ನು ಹೇಗೆ ಸುಮ್ಮನಿರಿಸುತ್ತೀರಿ ಎಂದು ಕೇಳಿದರು. ಆ ಮಾತುಕತೆ ಮೊದಲ ತಿಂಗಳಲ್ಲೇ ಆಗಬಹುದಿತ್ತು, ನಾನೇ ಅದರ ಬಾಗಿಲು ಮುಚ್ಚಿದ್ದೆ.

ಇನ್ನೊಂದು ಮಾತು: ಮಕ್ಕಳ ಫೋಟೋಗಳನ್ನು ಪಾಲಕರನ್ನು ಕೇಳದೆ ಎಲ್ಲಿಯೂ ಹಾಕಬೇಡಿ. ನಮ್ಮ ಮಕ್ಕಳ ಹರಿದ ಅಂಗಿಯ ಫೋಟೋವನ್ನು ಹೊರಗಿನವರು ಹಾಗೆ ಹಾಕಿದರೆ ನಾವು ಸಹಿಸುವುದಿಲ್ಲ.

ಮಾಳಮಡ್ಡಿಯ ನಿವೃತ್ತ ಶಿಕ್ಷಕ

ರಾಣೆಬೆನ್ನೂರಿನವರು ಬರೆದದ್ದನ್ನು ಎರಡು ಸಲ ಓದಿದೆ. ನಾನು ಸುಮ್ಮನಿದ್ದವನು. ಅದು ಸೌಜನ್ಯವೆಂದು ಆಗ ತಿಳಿದಿದ್ದೆ. ಈಗ ಅದು ಸರಿಯೆನಿಸುವುದಿಲ್ಲ.

ಇನ್ನು ಗೋಡೆಯ ಪ್ರಶ್ನೆ. ಒಂದನೆಯ ಫಾರ್ಮಿಗೆ, ಅಂದರೆ ಮಾಧ್ಯಮಿಕದ ಮೊದಲ ತರಗತಿಗೆ, ಜನವರಿಯಲ್ಲಿ ಬರುವ ಮಕ್ಕಳು ಹಲಗೆಯ ಮೇಲಿನದನ್ನು ಮುತ್ತಿನಂಥ ಅಕ್ಷರಗಳಲ್ಲಿ ಬರೆದುಕೊಳ್ಳುತ್ತಾರೆ. ತಿಳಿಯಿತೇ ಎಂದು ಕೇಳಿದರೆ ಒಕ್ಕೊರಲಿನಿಂದ ಹೌದು ಎನ್ನುತ್ತಾರೆ. ಎರಡು ತಿಂಗಳು ನಾನು ಆ ‘ಹೌದು’ ಎಂಬುದನ್ನು ನಂಬಿ ಪಾಠ ಮುಂದುವರಿಸಿದೆ. ಮೊದಲ ಪರೀಕ್ಷೆಯ ಉತ್ತರಪತ್ರಿಕೆಗಳಲ್ಲಿ ಪ್ರಶ್ನೆಗಳನ್ನೇ ಸುಂದರವಾಗಿ ನಕಲು ಮಾಡಿದ್ದರು. ಅವರಿಗೆ ಲೆಕ್ಕ ಬರುತ್ತಿತ್ತು, ‘ಕಂಡುಹಿಡಿಯಿರಿ’ ಎಂಬುದಕ್ಕಿರುವ ಇಂಗ್ಲಿಷ್ ಪದ ಬರುತ್ತಿರಲಿಲ್ಲ.

ಆಗ ನಾನು ಪಕ್ಕದ ತರಗತಿಯ ಗಣಿತ ಶಿಕ್ಷಕರ ನೆರವು ಕೇಳಿದೆ. ನಾವಿಬ್ಬರೂ ಕೂಡಿ ಪ್ರತಿ ಪಾಠಕ್ಕೆ ಎಂಟು-ಹತ್ತು ಪದಗಳನ್ನು ಆರಿಸಿ, ಇಂಗ್ಲಿಷ್ ಮತ್ತು ಸ್ವಾಹಿಲಿ ಎರಡರಲ್ಲೂ ದೊಡ್ಡ ಕಾಗದದ ಮೇಲೆ ಬರೆದು ಗೋಡೆಗೆ ಅಂಟಿಸಿದೆವು. ತ್ರಿಭುಜಕ್ಕೆ ಸ್ವಾಹಿಲಿಯಲ್ಲಿ ‘ಪೆಂಬೆತಾತು’. ಪೆಂಬೆ ಎಂದರೆ ಮೂಲೆ, ತಾತು ಎಂದರೆ ಮೂರು. ಪದದಲ್ಲೇ ಅರ್ಥವಿದೆ, ನಮ್ಮ ತ್ರಿಕೋನದಂತೆ. ಸ್ವಾಹಿಲಿಯಲ್ಲಿ ಪರಸ್ಪರ ವಿವರಿಸಿಕೊಳ್ಳಲು ಹತ್ತು ನಿಮಿಷ ಬಿಡುತ್ತಿದ್ದೆ. ಆಗ ತರಗತಿ ಜೇನುಗೂಡಿನಂತೆ ಗುಂಯ್‌ಗುಡುತ್ತಿತ್ತು. ಆಮೇಲೆ ಒಂದೇ ವಾಕ್ಯವನ್ನು ಇಂಗ್ಲಿಷಿನಲ್ಲಿ ಬರೆಯಬೇಕು. ನಾನು ತಪ್ಪು ಸ್ವಾಹಿಲಿ ಆಡಿದಾಗ ಅವರು ತಿದ್ದುತ್ತಿದ್ದರು. ತಿದ್ದಿದವರಿಗೆ ತಾವೂ ತಪ್ಪು ಇಂಗ್ಲಿಷ್ ಆಡಬಹುದೆಂಬ ಧೈರ್ಯ ಬರುತ್ತಿತ್ತು. ಕ್ಯಾಲ್ಕುಲೇಟರನ್ನು ನೆಚ್ಚಬೇಡಿ. ಅಲ್ಲಿಯ ರಾಷ್ಟ್ರೀಯ ಪರೀಕ್ಷೆಯ ಗಣಿತದಲ್ಲಿ ಅದಕ್ಕೆ ಅವಕಾಶವಿಲ್ಲ, ಗಣಿತ ಕೋಷ್ಟಕಗಳ ಪುಸ್ತಕವನ್ನೇ ಬಳಸುತ್ತಾರೆ. ನಮ್ಮ ಹಳೆಯ ಲಾಗರಿದಮ್ ಕೋಷ್ಟಕವನ್ನು ಒಮ್ಮೆ ತಿರುವಿ ನೋಡಿಕೊಂಡು ಹೋಗಿ.

ಸವಣೂರಿನವರ ಪ್ರಶ್ನೆಯ ಎರಡನೆಯ ಭಾಗಕ್ಕೆ ನನ್ನ ಅನುಭವದಿಂದ ಉತ್ತರಿಸಬೇಕು, ಅದು ಸುಖದ ಉತ್ತರವಲ್ಲ. ನಾನು ಸಂಜೆಯ ಹೊತ್ತು ಒಂದು ವಿಶೇಷ ತರಗತಿ ಆರಂಭಿಸಿದ್ದೆ. ಸೌರದೀಪಗಳನ್ನು ತರಿಸಿದವನು ನಾನು, ಪಾಠ ಬರೆದವನು ನಾನು, ಬೀಗ ತೆಗೆಯುತ್ತಿದ್ದವನೂ ನಾನೇ. ನಾನು ಹೊರಟ ವಾರದಲ್ಲೇ ಅದು ನಿಂತಿತೆಂದು ಆಮೇಲೆ ಪತ್ರ ಬಂತು. ಆದರೆ ಆ ಪಕ್ಕದ ತರಗತಿಯ ಶಿಕ್ಷಕರು ಗೋಡೆಯ ಪದಗಳನ್ನು ಇಂದಿಗೂ ಪ್ರತಿ ಜನವರಿಯಲ್ಲಿ ಹೊಸದಾಗಿ ಬರೆದು ಅಂಟಿಸುತ್ತಾರೆ, ಏಕೆಂದರೆ ಅದು ಮೊದಲಿನಿಂದಲೂ ಅವರ ಕೆಲಸವಾಗಿತ್ತು. ನೀವು ಏನನ್ನೇ ಆರಂಭಿಸಿದರೂ ಅಲ್ಲಿಯೇ ಉಳಿಯುವ ಒಬ್ಬ ಶಿಕ್ಷಕರ ಜೊತೆಯಲ್ಲಿ ಆರಂಭಿಸಿ, ಅವರು ಬೇಡವೆಂದರೆ ಆರಂಭಿಸಬೇಡಿ. ನೀವು ನೋಡಿ ಕಲಿಯಲು ಹೊರಟಿದ್ದೀರೆಂದು ಬರೆದದ್ದನ್ನು ಓದಿದ ಮೇಲೆ ನಿಮ್ಮ ಬಗ್ಗೆ ನನಗೆ ಚಿಂತೆ ಕಡಿಮೆಯಾಗಿದೆ.

ಹಂಚು ಬೇಡ. ಚಪಾತಿಯನ್ನು ಅಲ್ಲಿಯ ಜನ ಚಪಾತಿ ಎಂದೇ ಕರೆದು ತಿನ್ನುತ್ತಾರೆ, ಕಬ್ಬಿಣದ ಹಂಚು ಸಂತೆಯಲ್ಲಿ ಸಿಗುತ್ತದೆ. ಆ ತೂಕದ ಜಾಗದಲ್ಲಿ ಎರಡು ಡಬ್ಬಿ ಬಣ್ಣದ ಸೀಮೆಸುಣ್ಣ ಮತ್ತು ಹಲಗೆಯ ಮೇಲೆ ಬಳಸುವ ದೊಡ್ಡ ಕಟ್ಟಿಗೆಯ ಕೋನಮಾಪಕ ಒಯ್ಯಿರಿ. ಜೋಳದ ಹಿಟ್ಟನ್ನು ಅಲ್ಲಿ ಉಗಾಲಿಗೆಂದು ಸ್ವಲ್ಪ ದಪ್ಪಗೆ ಬೀಸಿರುತ್ತಾರೆ, ರೊಟ್ಟಿ ಒಡೆಯುತ್ತದೆ. ಗಿರಣಿಯವರಿಗೆ ಇನ್ನೊಮ್ಮೆ ಸಣ್ಣಗೆ ಬೀಸಿಕೊಡಲು ಹೇಳಿ, ಹಿಟ್ಟಿಗೆ ಕುದಿಯುವ ನೀರನ್ನೇ ಹಾಕಿ ನಾದಿ.

ಬೆಟಗೇರಿಯ ಗಣಿತ ಶಿಕ್ಷಕಿ

ಪರವಾನಗಿಯ ಬಗ್ಗೆ ಇಂದು ಸಂಸ್ಥೆಗೆ ಪತ್ರ ಬರೆದೆ. ಬರಹದಲ್ಲಿ ಉತ್ತರ ಬರುವವರೆಗೆ ಟಿಕೆಟ್ ಕೊಳ್ಳುವುದಿಲ್ಲ. ಬರುವ ಭಾನುವಾರ ತಾಯಿಯವರನ್ನು ಕರೆದುಕೊಂಡು ಸವಣೂರಿಗೆ ಹೋಗುತ್ತಿದ್ದೇನೆ. ಎಷ್ಟು ಹೊತ್ತಿಗೆ ಹೊರಡೋಣ ಎಂದು ಅವರು ಕೇಳಿದರು, ‘ಸಾ ಮೋಜಾ’ ಎಂದೆ. ಅಡುಗೆಮನೆಯ ಗಡಿಯಾರವನ್ನು ಒಂದು ಕ್ಷಣ ನೋಡಿ, ಏಳು ಗಂಟೆಯ ಬಸ್ಸಿಗೆ ಬುತ್ತಿ ಕಟ್ಟಲು ಐದಕ್ಕೇ ಏಳಬೇಕಲ್ಲ ಎಂದರು.